ಕ್ರಿಸ್ಮಸ್‌ಗೆ ಮಲಗುವ ಬಳ್ಳಿ

ರೋಸಲಿನ್ ಮದುವೆಯಾಗಿ ಶಂಕರಪುರಕ್ಕೆ ಬಂದಾಗ ಅವಳ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಒಂದು ಬಿಸ್ಕತ್ತಿನ ಡಬ್ಬ ಇತ್ತು. ಡಬ್ಬದೊಳಗೆ ಒದ್ದೆ ಮಣ್ಣು, ಮಣ್ಣಿನೊಳಗೆ ಕೆಸುವಿನ ಗಡ್ಡೆಯಂತಹ ಒಂದು ಗಡ್ಡೆ. ಅತ್ತೆ ಅಪೊಲೋನಿಯಾ ಮುಚ್ಚಳ ತೆಗೆದು ಬೆರಳಿನಿಂದ ಕೆದಕಿ ನೋಡಿದರು.

"ಎಂತ ಇದು? ಅಡುಗೆಗೆ, ಪದಾರ್ಥಕ್ಕೆ ಆಗ್ತದಾ?"

"ಹೂವಿನ ಬಳ್ಳಿ, ಮಾಂಯ್," ಎಂದಳು ರೋಸಲಿನ್, ಆ ಮನೆಯವರು ತಾಯಿಯನ್ನು ಕರೆಯುವ ಹಾಗೆಯೇ.

"ಮುಡಿಯಲಿಕ್ಕೆ ಆಗ್ತದಾ?"

"ಇಲ್ಲ. ನೋಡಲಿಕ್ಕೆ."

"ನೋಡಲಿಕ್ಕೆ!" ಅಪೊಲೋನಿಯಾ ಡಬ್ಬವನ್ನು ಹಿಂದಕ್ಕೆ ಕೊಟ್ಟರು. "ನೋಡಲಿಕ್ಕೆ ನಿನ್ನ ಗಂಡ ಉಂಟಲ್ಲ ಬಾಯೆ. ಅವನನ್ನು ನೋಡು ಮೊದಲು. ರಜೆ ಮುಗಿದರೆ ಅವನೂ ಇಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ ಪ್ರೆಸಿಲ್ಲಾ ಬಾಯಿಗೆ ಸೆರಗು ಹಿಡಿದು ನಕ್ಕಳು. ರೋಸಲಿನ್‌ಗೂ ನಗು ಬಂತು. ಜೋಕಿಮ್ ಆ ತಿಂಗಳ ಕೊನೆಗೆ ಬಹರೇನಿಗೆ ಹಡಗು ಹತ್ತಿದ ಮೇಲೆ ಆ ಮಾತು ನೆನಪಾದಾಗ ಮಾತ್ರ ನಗು ಬರಲಿಲ್ಲ.

ಅದು ಎಪ್ಪತ್ತಮೂರನೇ ಇಸವಿ. ಆ ಮನೆಯಲ್ಲಿ ಅಂಗೈಯಗಲದ ಮಣ್ಣೂ ಮಲ್ಲಿಗೆಗೆ ಸೇರಿದ್ದು. ಮುಂದಿನ ಅಂಗಳದ ಎರಡು ಬದಿಯಲ್ಲಿ, ದಾರಿಯ ಅಂಚಿನಲ್ಲಿ, ಹಿತ್ತಿಲಿನ ಇಳಿಜಾರಿನಲ್ಲಿ, ಎಲ್ಲೆಲ್ಲೂ ಮಲ್ಲಿಗೆಯ ಗುಂಡಿ. ಊರಿಡೀ ಹಾಗೆಯೇ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ರಸ್ತೆಗೆ ಒಯ್ದುಕೊಟ್ಟರೆ ಅದು ಬಸ್ಸಿನ ತಲೆಯ ಮೇಲೆ ಉಡುಪಿಗೆ ಹೋಗುತ್ತಿತ್ತು. ಉಪಯೋಗವಿಲ್ಲದ ಗಿಡಕ್ಕೆ ಅಲ್ಲಿ ಜಾಗ ಕೇಳುವುದೆಂದರೆ ಊಟದ ಹೊತ್ತಿಗೆ ಕರೆಯದೆ ಬಂದ ಹಾಗೆ. ರೋಸಲಿನ್ ಯಾರಿಗೂ ತೊಂದರೆಯಾಗದಂತೆ ಬಾವಿಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗಡ್ಡೆಯನ್ನು ಹೂತಳು.

ಆ ಗಡ್ಡೆ ಕಾರ್ಕಳದಲ್ಲಿ ಅವಳ ತಾಯಿ ಬೆಳೆಸಿದ ಬಳ್ಳಿಯದ್ದು. ತಾಯಿ ಹರೆಯದಲ್ಲಿ ಮಣಿಪಾಲದ ಒಬ್ಬ ಡಾಕ್ಟರರ ಬಂಗಲೆಯಲ್ಲಿ ಅಡುಗೆಗಿದ್ದರು. ಬಂಗಲೆಯ ಗೇಟಿನ ಮೇಲೆ ಕಮಾನಿನ ಹಾಗೆ ಹಬ್ಬಿದ್ದ ಬಳ್ಳಿಯಿಂದ ಅಲ್ಲಿನ ಅಮ್ಮ ಒಂದು ಗಡ್ಡೆ ಕಿತ್ತುಕೊಟ್ಟಿದ್ದರಂತೆ. ಹೃದಯದಾಕಾರದ ಎಲೆ, ನಸುಗೆಂಪು ಹೂವಿನ ಗೊನೆ. ಗೊನೆಯ ತುದಿಯಲ್ಲಿ ಎಳೆಯ ಬಳ್ಳಿಯ ಕೈ, ಸಿಕ್ಕಿದ್ದನ್ನು ಹಿಡಿದುಕೊಳ್ಳಲು. ಅದರ ಹೆಸರು ತಾಯಿಗೂ ಗೊತ್ತಿರಲಿಲ್ಲ. ಮಗಳನ್ನು ಕಳುಹಿಸುವಾಗ ಇಷ್ಟು ಹೇಳಿದ್ದರು: "ಚಳಿಗೆ ಹೆದರುವ ಬಳ್ಳಿ ಇದು. ಕ್ರಿಸ್ಮಸ್‌ಗೆ ಮಲಗ್ತದೆ, ಮಳೆಗೆ ಏಳ್ತದೆ. ಒಣಗಿತು ಅಂತ ಕಿತ್ತು ಬಿಸಾಡಬೇಡ."

ಮುಂದಿನ ಮಳೆಗಾಲ ಮುಗಿಯುವ ಮುಂಚೆ ಬಳ್ಳಿ ಬಾವಿಯ ಕಂಬ ಹತ್ತಿತ್ತು. ಮೊಂತಿ ಹಬ್ಬ ಹತ್ತಿರ ಬಂದಿತ್ತು. ಮೇರಿ ಮಾತೆ ಹುಟ್ಟಿದ ದಿನ ಅದು, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಇಗರ್ಜಿಯಲ್ಲಿ ಮಾತೆಯ ಪಾದಕ್ಕೆ ಎರಚುತ್ತಾರೆ. ಆ ವರ್ಷ ಬಿಡದೆ ಸುರಿದ ಮಳೆಗೆ ಬೇಲಿಯ ದಾಸವಾಳ ಕೊಳೆತು ಬಿದ್ದಿತ್ತು. ಮಲ್ಲಿಗೆ ಅಷ್ಟಿಷ್ಟು ಇತ್ತು, ಆದರೆ ಮಳೆಗಾಲದ ಮಲ್ಲಿಗೆಗೆ ರೇಟು ಜಾಸ್ತಿ. ಯಾರೂ ಮಕ್ಕಳ ಬುಟ್ಟಿಗೆ ಹಾಕುತ್ತಿರಲಿಲ್ಲ.

ಹೂ ಕಟ್ಟಲು ಬರುತ್ತಿದ್ದ ನೆರೆಮನೆಯ ಅಮ್ಮಣ್ಣಿ ಜಗಲಿಯಲ್ಲಿ ಕೂತು ನಾರು ಸೀಳುತ್ತಾ ಹೇಳಿದಳು, "ನಿಮ್ಮ ಮಲ್ಲಿಗೆಯೆಲ್ಲ ಉಡುಪಿಯಲ್ಲಿ ನಮ್ಮ ದೇವರಿಗೆ. ನಿಮ್ಮ ದೇವರಿಗೆ ಬೇಲಿಯ ಹೂ. ಅಲ್ವಾ ಬಾಯಮ್ಮ?"

"ನಿಮ್ಮ ದೇವರು ಹಣ ಕೊಡ್ತಾರೆ ಮಾರಾಯ್ತಿ," ಎಂದರು ಅಪೊಲೋನಿಯಾ. "ನಮ್ಮ ಸಾಯ್ಬಿಣಿ ಮಾತೆಗೆ ಮನೆಯ ಕಷ್ಟ ಗೊತ್ತುಂಟು."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಪ್ರೆಸಿಲ್ಲಾ ಎದ್ದು ಹೋಗಿ ಬಾವಿಯ ಹಿಂದಿನಿಂದ ಒಂದು ತೋಳು ತುಂಬ ನಸುಗೆಂಪು ಗೊನೆ ಕೊಯ್ದು ತಂದಳು. ಅಷ್ಟು ಮಳೆಗೂ ಒಂದು ದಳ ಉದುರಿರಲಿಲ್ಲ. ಮಾರನೆಯ ದಿನ ಓಣಿಯ ಮಕ್ಕಳೆಲ್ಲ ಬುಟ್ಟಿ ಹಿಡಿದು ಬಂದರು. ಹಬ್ಬದ ದಿನ ಪಾದ್ರಿಗಳು, ಈ ಹೂ ಯಾರ ಮನೆಯದು ಎಂದು ಕೇಳಿದಾಗ ಅಪೊಲೋನಿಯಾ ಹೆಂಗಸರ ಸಾಲಿನಿಂದ ಎದ್ದು ನಿಂತು, "ನಮ್ಮ ಸೊಸೆಯದು ಫಾದರ್," ಎಂದರು. ಸೊಸೆ ಎನ್ನುವುದಕ್ಕೆ ಮೊದಲು 'ನಮ್ಮ' ಎಂದು ಅವರು ಹೇಳಿದ್ದು ಅದೇ ಮೊದಲು.

ರೋಸಲಿನ್‌ಗೆ ಮಕ್ಕಳಾಗಲಿಲ್ಲ. ಎರಡು ವರ್ಷಕ್ಕೊಮ್ಮೆ ಜೋಕಿಮ್ ಬಂದು ಹೋಗುತ್ತಿದ್ದ, ಹೋದ ಮೇಲೆ ಅತ್ತೆ ಕೆಲವು ವಾರ ಅವಳ ಮುಖ ನೋಡುತ್ತಿದ್ದರು, ಆಮೇಲೆ ನೋಡುವುದನ್ನು ಬಿಡುತ್ತಿದ್ದರು. ಆದರೆ ಸೆಪ್ಟೆಂಬರಿನ ಆ ಒಂಬತ್ತು ದಿನ ಅಂಗಳದ ತುಂಬ ಮಕ್ಕಳು. ಮೊದಲು ಯಾರು ಕೊಯ್ಯಬೇಕು ಎಂದು ಜಗಳ, ಒದ್ದೆ ತಲೆಗಳು, ಬಾವಿಕಟ್ಟೆಗೆ ಹೋಗಬೇಡಿ ಎಂದು ಅವಳು ಗದರಿಸುವುದು. ಅವಳಿಗೆ ಮಳೆಗಾಲವೆಂದರೆ ಅದೇ ಆಗಿತ್ತು. ಬಾಕಿ ದಿನಗಳೆಲ್ಲ ಅದಕ್ಕೆ ಕಾಯುವ ದಿನಗಳು.

ಕಾರ್ಕಳದ ತಾಯಿ ಎಪ್ಪತ್ತಾರರಲ್ಲಿ ತೀರಿಕೊಂಡರು. ತಮ್ಮ ಇಮ್ಯಾನುಯೆಲ್ ಮನೆಯನ್ನು ಮಾರಿ ಬೊಂಬಾಯಿಗೆ ಹೋದ. ಕೊಂಡವರು ಹಳೆಯ ಗೋಡೆ ಕೆಡವಿ, ಹಿತ್ತಿಲಿಗೆ ಕೆಂಪುಕಲ್ಲು ರಾಶಿ ಹಾಕಿದರು. ರೋಸಲಿನ್ ಬಸ್ಸಿನಿಂದಲೇ ಅದನ್ನು ನೋಡಿದಳು, ಇಳಿಯಲಿಲ್ಲ. ಮನೆಗೆ ಬಂದು ಬಾವಿಯ ಹಿಂದೆ ಹೋಗಿ ಬಳ್ಳಿಯ ಬುಡದ ಹತ್ತಿರ ಸ್ವಲ್ಪ ಹೊತ್ತು ಕುಳಿತಳು. ಜನವರಿ ತಿಂಗಳು. ಬಳ್ಳಿ ತಾಯಿ ಹೇಳಿದ ಹಾಗೆ ಮಲಗಿತ್ತು, ಕಂದು ಹುರಿಯಂತೆ.

ಅಪೊಲೋನಿಯಾ ಅವರದು ಒಂದು ಪದ್ಧತಿ ಇತ್ತು. ಹಬ್ಬದ ಪೂಜೆ ಮುಗಿದ ಮೇಲೆ ಮಾತೆಯ ಪಾದದ ಬಳಿ ಬಿದ್ದ ಹೂವನ್ನು ಒಂದು ಕರ್ಚೀಪಿನಲ್ಲಿ ಕಟ್ಟಿಕೊಂಡು ಬಂದು, ಒಂದೊಂದು ಮಲ್ಲಿಗೆಯ ಬುಡಕ್ಕೆ ಒಂದೊಂದು ಚಿಟಿಕೆ ಹಾಕುವುದು. ಆಶೀರ್ವಾದದ ಹೂ, ಗಿಡಕ್ಕೆ ರೋಗ ಬರುವುದಿಲ್ಲ ಎಂದು. ಅವರ ಮನೆಯ ಮಲ್ಲಿಗೆ ಒಳ್ಳೆಯದಾಗಿ ಬರುತ್ತಿದ್ದುದರಿಂದ ನೆರೆಹೊರೆಯ ಹೆಂಗಸರೂ ಹಾಗೆಯೇ ಮಾಡತೊಡಗಿದ್ದರು. ಮುಂಚೆ ದಾಸವಾಳದ, ಗೊರಟೆಯ ಎಸಳುಗಳು; ಅವು ಕೊಳೆತು ಮಣ್ಣಾಗುತ್ತಿದ್ದವು. ಈ ಹೂ ಹಾಗಲ್ಲ. ಬಾಡಿದ ಹೂವನ್ನು ಬಿಡಿಸಿದರೆ ಒಳಗೆ ಮೂರು ಮೂಲೆಯ ಕಂದು ಬೀಜ ಇರುತ್ತಿತ್ತು. ಅದನ್ನು ಯಾರೂ ಬಿಡಿಸಿ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಬರಲಿಲ್ಲ. ಮೊಳಕೆಗಳು ಬಂದರೂ ಡಿಸೆಂಬರಿನ ಚಳಿ, ಇಬ್ಬನಿ ಬಿದ್ದ ಕೂಡಲೇ ಸುಟ್ಟುಹೋಗುತ್ತಿದ್ದವು.

ಮನೆಯ ಮಲ್ಲಿಗೆಯೆಲ್ಲ ಪ್ರೆಸಿಲ್ಲಾಳದು. ಅವಳ ತಂದೆ ಸಾಯುವ ಮುಂಚೆ ಎಲ್ಲರ ಎದುರು ಹಾಗೆಂದು ಹೇಳಿ ಹೋಗಿದ್ದರು. ಅವಳಿಗೆ ಬಂದ ಎರಡು ಸಂಬಂಧಗಳೂ ಮುರಿದಿದ್ದವು. ಮೂರನೆಯದನ್ನು ಅವಳೇ ಬೇಡ ಎಂದಳು. ಆ ಮಲ್ಲಿಗೆಯಿಂದ ಅವಳು ತನ್ನ ಸೀರೆ, ಸೋಪು, ತಾಯಿಯ ಮಾತ್ರೆ, ಅಡುಗೆಮನೆಯ ಹೊಸ ಹಂಚು ಎಲ್ಲ ಮಾಡಿಸಿದ್ದಳು. ಅಣ್ಣನ ದುಡ್ಡಿನಲ್ಲಿ ಕೂತು ಉಣ್ಣುವವಳು ಎಂದು ಊರು ಅವಳ ಬಗ್ಗೆ ಹೇಳಿರಲಿಲ್ಲ. ಬೆಳಕು ಹರಿಯುವಾಗ ಸೊಂಟಕ್ಕೆ ಬಟ್ಟೆಯ ಚೀಲ ಕಟ್ಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುವಳು. ಆದರೆ ಒಂದು ಮೊಗ್ಗನ್ನೂ ತಲೆಗೆ ಮುಡಿಯುತ್ತಿರಲಿಲ್ಲ. ಅವಳು ವೊನ್ನಿ ಎಂದು ಕರೆಯುವ ಅತ್ತಿಗೆ ರೋಸಲಿನ್ ಒಮ್ಮೆ ಒತ್ತಾಯಿಸಿದಾಗ, "ಮುಡಿದರೆ ಒಂದು ಚೆಂಡು ತುಂಬುವುದಿಲ್ಲ ವೊನ್ನಿ. ಮತ್ತೆ ಯಾರು ನೋಡಲಿಕ್ಕೆ?" ಎಂದಿದ್ದಳು.

ಊರಿನ ಚಳಿ ಕಡಿಮೆಯಾಗುತ್ತಿದೆ ಎಂದು ಆಗ ಯಾರೂ ಹೇಳುತ್ತಿರಲಿಲ್ಲ. ಕ್ರಿಸ್ಮಸ್‌ ರಾತ್ರಿಯ ಪೂಜೆಗೆ ಶಾಲು ಹೊದ್ದು ಹೋಗುತ್ತಿದ್ದ ಹೆಂಗಸರು ಒಂದು ವರ್ಷ ಶಾಲನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಹೋದರು, ಮುಂದಿನ ವರ್ಷ ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಅಪೊಲೋನಿಯಾ, "ಈಗಿನ ಕ್ರಿಸ್ಮಸ್‌ನಲ್ಲಿ ಚಳಿಯೂ ಇಲ್ಲ, ಕುಸ್ವಾರದಲ್ಲಿ ರುಚಿಯೂ ಇಲ್ಲ," ಎಂದು ಗೊಣಗುತ್ತಿದ್ದರು. ಕುಸ್ವಾರ ಎಂದರೆ ಹಬ್ಬಕ್ಕೆ ಕರಿಯುವ ತಿಂಡಿಗಳು. ಎರಡನ್ನೂ ಸೊಸೆಯ ತಲೆಗೆ ಕಟ್ಟುವವರ ಹಾಗೆ ಹೇಳುತ್ತಿದ್ದರು.

ಎಂಬತ್ತೆರಡರ ಕ್ರಿಸ್ಮಸ್‌ಗೆ ಬಳ್ಳಿ ಮಲಗಲಿಲ್ಲ. ರೋಸಲಿನ್‌ಗೆ ಸಂತೋಷವೇ ಆಯಿತು. ಬಾಲ ಯೇಸುವಿನ ಗೋದಲಿಗೆ ಅದರ ಹೂ ಹಾಕಿ ಅಲಂಕರಿಸಿದಳು. ಮುಂದಿನ ಬೇಸಿಗೆ ವಿಪರೀತ. ಬಾವಿಯ ನೀರು ತಳ ಕಂಡಿತು, ಮಳೆ ಜೂನ್ ಕಳೆಯುವವರೆಗೂ ಬರಲಿಲ್ಲ. ಕೊಡ ಹೊತ್ತು ಉಳಿಸಿಕೊಂಡ ಮಲ್ಲಿಗೆಯ ಎಲೆಗಳು ಹಳದಿಯಾದವು. ಬಳ್ಳಿಗೆ ಮಾತ್ರ ಯಾರೂ ನೀರು ಹಾಕಲಿಲ್ಲ, ಅದಕ್ಕೆ ಏನೂ ಆಗಲಿಲ್ಲ. ಮಳೆ ಬಿದ್ದದ್ದೇ ತಡ ಪ್ರೆಸಿಲ್ಲಾಳ ಒಂದೊಂದು ಗಿಡದ ಬುಡದಿಂದಲೂ ಹೃದಯದಾಕಾರದ ಎಲೆಗಳು ಎದ್ದು ಬಂದವು.

ಅವಳು ಕಿತ್ತಳು. ಹತ್ತು ದಿನದಲ್ಲಿ ಮತ್ತೆ ಬಂತು. ಮತ್ತೆ ಕಿತ್ತಳು. ಕಿತ್ತದ್ದು ಬಳ್ಳಿ ಮಾತ್ರ, ಗಡ್ಡೆ ಮಣ್ಣಿನೊಳಗೇ ಉಳಿಯುತ್ತಿತ್ತು. ಬಾವಿಯ ಹಿಂದಿನ ದೊಡ್ಡ ಬಳ್ಳಿಯ ಬೀಜ ಮಳೆಯ ನೀರಿನೊಂದಿಗೆ ಇಳಿಜಾರಿಗೆ ಹರಿದು ಬರುವುದನ್ನೂ ಅವಳು ಕಂಡಳು. ಒಂದು ಮಧ್ಯಾಹ್ನ ಅತ್ತಿಗೆ ಅಕ್ಕಿ ಆರಿಸುತ್ತಿದ್ದಲ್ಲಿಗೆ ಬಂದು ಕುಳಿತಳು. ಕೈಯ ಮಣ್ಣು ತೊಳೆದಿರಲಿಲ್ಲ.

"ವೊನ್ನಿ, ಒಂದು ಮಾತು ಹೇಳಿದರೆ ಬೇಜಾರು ಮಾಡಬೇಡಿ."

"ಹೇಳು."

"ಬಾವಿಯ ಹಿಂದಿನದ್ದು ತೆಗೆಯುವ. ಬುಡದಿಂದ. ನಾನು ಇಲ್ಲಿ ಎಷ್ಟು ಕಿತ್ತರೂ ಅದು ಅಲ್ಲಿಂದ ಕಳಿಸ್ತಾ ಉಂಟು."

ರೋಸಲಿನ್ ಮೊರದಲ್ಲಿದ್ದ ಕಲ್ಲೊಂದನ್ನು ಹುಡುಕುತ್ತಾ ಉಳಿದಳು. ಒಳಕೋಣೆಯಿಂದ ಅಪೊಲೋನಿಯಾ ಅವರ ದನಿ ಬಂತು. ಆ ವರ್ಷ ಅವರ ದೇಹದ ಒಂದು ಬದಿ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದರು, ಕಿವಿ ಮಾತ್ರ ಚುರುಕಾಗಿತ್ತು.

"ಎಂತ ತೆಗೆಯುವುದು? ಸಾಯ್ಬಿಣಿಯ ಹೂವಾ? ನನ್ನ ಜೀವ ಇರುವವರೆಗೆ ಅದಕ್ಕೆ ಕತ್ತಿ ತಾಗಿಸಲಿಕ್ಕಿಲ್ಲ. ಆಶೀರ್ವಾದದ ಹೂವಿನಿಂದ ಹುಟ್ಟಿದ್ದನ್ನು ಕಿತ್ತು ಬಿಸಾಡುವುದು ಯಾವ ಧರ್ಮ?"

"ನನ್ನ ಮಲ್ಲಿಗೆ ಸಾಯ್ತಾ ಉಂಟು ಮಾಂಯ್."

"ನಾನೂ ಸಾಯ್ತಾ ಇದ್ದೇನೆ. ಅವಸರ ಮಾಡಬೇಡ."

ಪ್ರೆಸಿಲ್ಲಾ ಅತ್ತಿಗೆಯನ್ನು ನೋಡಿದಳು. ಒಂದು ಮಾತು ರೋಸಲಿನ್ ಹೇಳಿದ್ದರೆ ಸಾಕಿತ್ತು. ಬಳ್ಳಿ ಅವಳದು. ತಂದವಳು ತಾನೇ ತೆಗೆಯುತ್ತೇನೆ ಎಂದರೆ ಮುದುಕಿ ನಾಲ್ಕು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದರು. ಆದರೆ ರೋಸಲಿನ್‌ಗೆ ಕಣ್ಣೆದುರು ಬಂದದ್ದು ಕೆಂಪುಕಲ್ಲಿನ ರಾಶಿ, ಸೆಪ್ಟೆಂಬರಿನ ಒದ್ದೆ ತಲೆಗಳು. "ಹಬ್ಬ ಕಳೆಯಲಿ ಪ್ರೆಸಿಲ್," ಎಂದಳು. "ಕ್ರಿಸ್ಮಸ್‌ಗೆ ಅದು ತಾನೇ ಮಲಗ್ತದೆ. ಒಮ್ಮೆ ಒಳ್ಳೆ ಚಳಿ ಬಿದ್ದರೆ ಸಣ್ಣದೆಲ್ಲ ಸಾಯ್ತದೆ. ಅಮ್ಮ ಹೇಳಿದ್ದು ನನಗೆ ಗೊತ್ತುಂಟಲ್ಲ."

ಪ್ರೆಸಿಲ್ಲಾ ಎದ್ದು ಕೈ ತೊಳೆಯಲು ಹೋದಳು. ಆಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ.

ಆ ಡಿಸೆಂಬರ್ ರೋಸಲಿನ್ ಚಳಿಗೆ ಕಾದಳು. ಬೆಳಗ್ಗೆ ಎದ್ದ ಕೂಡಲೇ ಹಿಂದಿನ ಬಾಗಿಲು ತೆರೆದು ಮುಖ ಹೊರಗೆ ಹಾಕುವಳು. ಗಾಳಿ ಉಗುರುಬೆಚ್ಚಗೆ, ಯಾರದೋ ಉಸಿರಿನ ಹಾಗೆ. ಎಲೆಗಳ ಮೇಲೆ ಇಬ್ಬನಿ ಇಲ್ಲ. ಬಳ್ಳಿ ಬಾವಿಯ ಕಂಬ ದಾಟಿ, ಸ್ನಾನದ ಮನೆಯ ಹಂಚು ದಾಟಿ ಹಲಸಿನ ಮರ ಹಿಡಿದಿತ್ತು. ತಾಯಿ ಸುಳ್ಳು ಹೇಳಿದವರಲ್ಲ. ಆದರೆ ತಾಯಿ ಹೇಳಿದ ಚಳಿ ಈಗ ಎಲ್ಲೂ ಇರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಒಮ್ಮೆ ಕಾಪುವಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದಳು: ದಾರಿಯ ಬೇಲಿಗಳ ಮೇಲೆ, ಮುರಿದ ಗೋಡೆಗಳ ಮೇಲೆ, ಟೆಲಿಫೋನ್ ತಂತಿಯ ಮೇಲೆ ಅದೇ ನಸುಗೆಂಪು. ಪಕ್ಕದಲ್ಲಿ ಕೂತ ಹೆಂಗಸು, "ಎಷ್ಟು ಚಂದ ಅಲ್ವಾ!" ಎಂದಳು. ರೋಸಲಿನ್ ಹೌದೆಂದು ತಲೆಯಾಡಿಸಿದಳು.

ಪ್ರೆಸಿಲ್ಲಾ ಬೆಳಗ್ಗೆ ಸೊಂಟಕ್ಕೆ ಕಟ್ಟುತ್ತಿದ್ದ ಚೀಲ ಅರ್ಧಕ್ಕೆ ಇಳಿಯಿತು. ಮೊಗ್ಗು ಹುಡುಕಲು ಅವಳು ಬಳ್ಳಿಯ ಹೊದಿಕೆಯನ್ನು ಎರಡೂ ಕೈಯಿಂದ ಎತ್ತಿ ಕೆಳಗೆ ತಲೆ ಹಾಕಬೇಕಾಗುತ್ತಿತ್ತು. ಬಿಸಿಲು ಕಾಣದ ಮಲ್ಲಿಗೆಯ ಕೊಂಬೆಗಳು ಬಿಳಿಚಿಕೊಂಡು ಉದ್ದಕ್ಕೆ ಎಳೆದಿದ್ದವು. ಕೊನೆಕೊನೆಗೆ ಅಮ್ಮಣ್ಣಿ ಕಟ್ಟಲು ಬಂದವಳು ನಾರನ್ನು ಒದ್ದೆ ಮಾಡುವ ಮೊದಲೇ ಹೂ ಮುಗಿಯುತ್ತಿತ್ತು.

ಅಪೊಲೋನಿಯಾ ಎಂಬತ್ತೈದರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದರು. ಜೋಕಿಮ್‌ಗೆ ಬರಲಾಗಲಿಲ್ಲ. ಅಂತ್ಯಕ್ರಿಯೆ ಮುಗಿದು ವಾರ ಕಳೆಯುವುದರೊಳಗೆ ಬೂದಿ ಬುಧವಾರ ಬಂತು. ಅದಕ್ಕೆ ಎರಡು ದಿನ ಮೊದಲು ಇಗರ್ಜಿಯ ಆಳು ವಾಡಿಕೆಯಂತೆ ಮನೆಗೆ ಬಂದು, "ಕಳೆದ ವರ್ಷದ ಗರಿ ಉಂಟಾ ಬಾಯಮ್ಮ?" ಎಂದು ಕೇಳಿದ. ಗರಿಗಳ ಭಾನುವಾರ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆಂಗಿನ ಗರಿಯನ್ನು ಎಲ್ಲರೂ ಮನೆಯ ದೇವರ ಪೀಠವಾದ ಅಲ್ತಾರಿನ ಹಿಂದೆ ಸಿಕ್ಕಿಸಿಡುತ್ತಾರೆ. ವರ್ಷ ಕಳೆದ ಮೇಲೆ ಅದನ್ನು ಒಟ್ಟು ಮಾಡಿ ಸುಡುತ್ತಾರೆ, ಆ ಬೂದಿಯಿಂದಲೇ ಹಣೆಗೆ ಶಿಲುಬೆ. ರೋಸಲಿನ್ ಒಣಗಿದ ಗರಿಯನ್ನು ತೆಗೆದು ಕೊಟ್ಟಳು. ಬುಧವಾರ ಸಾಲಿನಲ್ಲಿ ನಿಂತಿದ್ದಾಗ, ಪಾದ್ರಿಗಳ ಹೆಬ್ಬೆರಳು ಹಣೆಗೆ ತಾಗಿದಾಗ, ಅವಳಿಗೆ ಹೊಳೆಯಿತು. ಆಶೀರ್ವಾದದ ವಸ್ತುವನ್ನು ಬಿಸಾಡಬಾರದು, ನಿಜ. ಸುಡಬಹುದು. ಪ್ರತಿ ವರ್ಷ ಸುಡುತ್ತಲೇ ಇದ್ದಾರೆ. ಅತ್ತೆ ತಮ್ಮ ಕೈಯಾರೆ ಎಷ್ಟು ಗರಿಗಳನ್ನು ಸುಡಲು ಕೊಟ್ಟಿದ್ದರು! ಬಿಸಾಡುವುದಲ್ಲ, ಸುಡುವುದು ಎಂದು ಹೇಳಿದ್ದರೆ ಅವರು ಒಪ್ಪುತ್ತಿದ್ದರು. ಆ ಮನೆಯ ಮೂವರು ಹೆಂಗಸರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಮಾರನೆಯ ದಿನವೇ ಅವಳು ಕೂಲಿ ಕೆಲಸದ ಅಂಗಾರನನ್ನು ಕರೆಸಿದಳು. ಬುಡ ಅಗೆಯಲು ತೊಡಗಿದ ಅಂಗಾರ ಹೊತ್ತು ಕಳೆದಂತೆ ಬೆವರೊರೆಸಿ ಕೂತ. ಒಂದು ಗಡ್ಡೆಯಿಂದ ಬೇರು, ಬೇರಿನ ತುದಿಗೆ ಇನ್ನೊಂದು ಗಡ್ಡೆ.

"ಇದು ಗಡ್ಡೆಯಾ ಬಾಯಮ್ಮ, ನಿಮ್ಮ ಜಪಮಾಲೆಯಾ? ಮುಗಿಯುವುದೇ ಇಲ್ಲ ಅಲ್ವಾ!"

ಬಿಸ್ಕತ್ತಿನ ಡಬ್ಬದಲ್ಲಿ ಬಂದ ಗಡ್ಡೆ ಕೊಡದಷ್ಟು ದೊಡ್ಡದಾಗಿತ್ತು. ಅದನ್ನು ಕಿತ್ತು ಹಾಕಿದಾಗ ರೋಸಲಿನ್ ಅಳಲಿಲ್ಲ. ತಾನೇ ಒಣಸೌದೆ ತಂದು ಬೆಂಕಿ ಹಾಕಿದಳು. ಬಾವಿಯ ಹಿಂದೆ ಮುಗಿಸಿ ಅಂಗಾರ ಇಳಿಜಾರಿಗೆ ಇಳಿದ. ಅಲ್ಲಿ ಗಡ್ಡೆಗಳು ಮಲ್ಲಿಗೆಯ ಬೇರಿನ ಒಳಗೇ ಕೂತಿದ್ದವು. ಒಂದನ್ನು ತೆಗೆದರೆ ಇನ್ನೊಂದು ಬರುತ್ತಿತ್ತು. ಮೊದಲ ಗಿಡ ಬೇರುಸಹಿತ ಕೈಗೆ ಬಂದಾಗ ಅಂಗಾರ ಪಿಕ್ಕಾಸು ಕೆಳಗಿಟ್ಟು ಪ್ರೆಸಿಲ್ಲಾಳನ್ನು ನೋಡಿದ.

"ತೆಗಿ," ಎಂದಳು ಪ್ರೆಸಿಲ್ಲಾ. "ಎಲ್ಲ ತೆಗಿ."

"ಒಂದೆರಡು ಉಳಿಸುವ ಪ್ರೆಸಿಲ್," ಎಂದಳು ರೋಸಲಿನ್.

"ಉಳಿಸಿದರೆ ಅದರೊಳಗೆ ಇದೂ ಉಳೀತದೆ ವೊನ್ನಿ."

ಸಂಜೆಯ ಹೊತ್ತಿಗೆ ಹಿತ್ತಿಲೂ ಮುಂದಿನ ಅಂಗಳದ ಬದಿಗಳೂ ಕೆಂಪು ಗುಂಡಿಗಳಾಗಿದ್ದವು. ಮಲ್ಲಿಗೆಯ ಬುಡ ಉರಿಯುವಾಗ ಯಾವ ಪರಿಮಳವೂ ಬರಲಿಲ್ಲ, ಬರೀ ಹಸಿ ಕಟ್ಟಿಗೆಯ ಹೊಗೆ. ಹೊಸ ಗಿಡ ಹಾಕಿದರೆ ಮೊಗ್ಗು ಕಾಣಲು ವರ್ಷಗಳು ಬೇಕು, ಆ ಮಣ್ಣಿನಲ್ಲಿ ಏನು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಈಸ್ಟರ್ ಕಳೆದ ಮೇಲೆ ಪ್ರೆಸಿಲ್ಲಾ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಗೆ ಕೆಲಸಕ್ಕೆ ಹೊರಟಳು. ಅಲ್ಲಿಯೇ ಇರಲು ಕೋಣೆ ಕೊಡುತ್ತಾರಂತೆ.

"ಇಲ್ಲಿ ಊಟಕ್ಕೆ ಕಡಿಮೆಯಾ ನಿನಗೆ? ಜೋಕಿಮ್ ಕಳಿಸುವುದು ಸಾಕಲ್ಲ ನಮಗಿಬ್ಬರಿಗೆ," ಎಂದು ರೋಸಲಿನ್ ಹೇಳಿದಳು. ಹೇಳಿದ ಮೇಲೆ, ಯಾವ ಮಾತನ್ನು ಕೇಳಬಾರದೆಂದು ಪ್ರೆಸಿಲ್ಲಾ ಇಷ್ಟು ವರ್ಷ ಬೆಳಕಿಗೆ ಮುಂಚೆ ಎದ್ದಿದ್ದಳೋ ಅದನ್ನೇ ತಾನು ಆಡಿದೆ ಎಂದು ತಿಳಿಯಿತು.

"ಅದಕ್ಕೇ ವೊನ್ನಿ," ಎಂದಳು ಪ್ರೆಸಿಲ್ಲಾ. ಸಿಟ್ಟಿನಿಂದ ಅಲ್ಲ. ಟ್ರಂಕಿಗೆ ಬೀಗ ಹಾಕಿ ಸ್ವಲ್ಪ ನಕ್ಕಳು. "ಬಳ್ಳಿಯ ಹೂವನ್ನು ಮೊದಲು ಇಗರ್ಜಿಗೆಂದು ಕೊಯ್ದು ತಂದವಳು ನಾನೇ ಅಲ್ವಾ. ನೀವು ಬಾವಿಯ ಹಿಂದೆ ಅಡಗಿಸಿ ಇಟ್ಟಿದ್ದಿರಿ."

ಆ ಸೆಪ್ಟೆಂಬರಿನಲ್ಲಿ ರೋಸಲಿನ್ ಬೆಳಗ್ಗೆ ಬೇಗ ಎದ್ದು ಜಗಲಿ ಗುಡಿಸಿದಳು. ಮಕ್ಕಳು ಬಂದರೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದಳು. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಓಣಿಯಲ್ಲಿ ನೆರೆಯ ಬೆಂಜಮಿನ್‌ನ ಮಗಳು ಜೆಸ್ಸಿ ಬುಟ್ಟಿ ಹಿಡಿದು ಓಡುವುದು ಕಂಡಿತು.

"ಜೆಸ್ಸಿ, ಈ ವರ್ಷ ನಮ್ಮಲ್ಲಿ ಹೂ ಇಲ್ಲ ಬಾಯೆ."

"ನಮ್ಮ ಬೇಲಿಯಲ್ಲೇ ಉಂಟು ಆಂಟಿ, ಬೇಕಾದಷ್ಟು!" ಹುಡುಗಿ ನಿಲ್ಲದೆ ಬುಟ್ಟಿಯನ್ನು ಎತ್ತಿ ತೋರಿಸಿದಳು. ಅದು ಅಂಚಿನವರೆಗೆ ನಸುಗೆಂಪಾಗಿತ್ತು.

ಹಬ್ಬಕ್ಕೆ ಪ್ರೆಸಿಲ್ಲಾ ಒಂದು ದಿನದ ರಜೆ ಹಾಕಿ ಬಂದಳು. ಅವಳ ಕೈಗಳಿಗೆ ಈಗ ಈರುಳ್ಳಿಯ ವಾಸನೆ. ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಮಾತೆಯ ಪಾದದ ಕಡೆಗೆ ನುಗ್ಗಿ ಕರ್ಚೀಪು, ಸೆರಗು ಹರಡಿ ಹೂ ತುಂಬಿಸಿಕೊಂಡರು. ರೋಸಲಿನ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದಳು, "ಮಲ್ಲಿಗೆಗೆ ಹಾಕಬೇಡಿ. ಸುಟ್ಟುಬಿಡಿ, ಪಾಪ ಇಲ್ಲ, ಗರಿ ಸುಡುವುದಿಲ್ವಾ ನಾವು?" ಕೆಲವರು ಅವಳ ಮುಖ ನೋಡಿದರು. ಹಿರಿಯ ಹೆಂಗಸೊಬ್ಬರು, "ಎಂತ ಮಾತು ಬಾಯೆ ಹಬ್ಬದ ದಿನ? ನಿನ್ನ ಅತ್ತೆಯೇ ತೋರಿಸಿಕೊಟ್ಟದ್ದು ಇದು," ಎಂದು ಕೊಡೆ ಬಿಡಿಸಿ ಹೊರಟರು. ಇನ್ನೊಬ್ಬರು, ಅವರ ಮನೆಯ ಮಲ್ಲಿಗೆ ಹೋಯಿತಲ್ಲ, ಪಾಪ, ಎಂದು ಮೆಲ್ಲಗೆ ಹೇಳಿದ್ದೂ ಕೇಳಿಸಿತು.

ಹಿಂತಿರುಗಿ ನೋಡಿದರೆ ಪ್ರೆಸಿಲ್ಲಾಳೂ ಪಾದದ ಬಳಿ ಬಗ್ಗಿದ್ದಳು. ತಾಯಿಯ ಹಳೆಯ ಕರ್ಚೀಪು ಹರಡಿ, ತಾಯಿಯ ಹಾಗೆಯೇ ಮೂರು ಬೆರಳಿನಿಂದ ಹೂ ಹೆಕ್ಕಿ ಹಾಕುತ್ತಿದ್ದಳು. ಗಂಟು ಕಟ್ಟುವಾಗ ಕೈ ನಿಂತಿತು. ಹಾಕಲು ಗಿಡವಿಲ್ಲ ಎಂಬುದು ಆಗ ನೆನಪಾದಂತಿತ್ತು. ಅವಳು ಅದನ್ನು ಅಲ್ಲೇ ಸುರಿಯಲಿಲ್ಲ. ಎದ್ದು ಬಂದು ಗಂಟನ್ನು ಅತ್ತಿಗೆಯ ಕೈಗೆ ಕೊಟ್ಟಳು.

ಮನೆಗೆ ಬಂದು ಇಬ್ಬರೂ ಒಲೆಯ ಮುಂದೆ ಕುಳಿತರು. ಹೊಸ ಅಕ್ಕಿಯ ಊಟಕ್ಕೆ ಇನ್ನೂ ಹೊತ್ತಿತ್ತು. ಪ್ರೆಸಿಲ್ಲಾ ಬಾಡಿದ ಒಂದು ಹೂವನ್ನು ಉಗುರಿನಿಂದ ಬಿಡಿಸಿ, ಒಳಗಿನ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದಳು. ರೋಸಲಿನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಗಂಟನ್ನು ಬಿಚ್ಚಿ ಒಲೆಗೆ ಸುರಿದಳು. ಮಳೆಯಲ್ಲಿ ತೊಯ್ದ ಹೂ. ಬೆಂಕಿ ಹಿಡಿಯಲಿಲ್ಲ. ಹೊಗೆ ಎದ್ದು ಹಂಚಿನವರೆಗೆ ತುಂಬಿತು. ಪ್ರೆಸಿಲ್ಲಾ ಅಂಗೈಯ ಬೀಜವನ್ನೂ ಒಳಗೆ ಹಾಕಿ, ಊದುಕೊಳವೆ ಎತ್ತಿಕೊಂಡು ಬಗ್ಗಿದಳು.

ಹೊರಗೆ ಓಣಿಯಲ್ಲಿ ಹೆಂಗಸರು ಮಾತನಾಡುತ್ತಾ ಮನೆಗೆ ಹೋಗುತ್ತಿದ್ದರು. ಮಲ್ಲಿಗೆಯ ಬುಡಕ್ಕೆ ಹಾಕಲು ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಂಟು ಇತ್ತು.